ಹೈಸ್ಕೂಲು ಮಕ್ಕಳ ಕೈಹಿಡಿತ ಅಳೆದರೆ ಹೃದಯದ ಸ್ಥಿತಿ ತಿಳಿಯುತ್ತದೆಯೇ? ಉಡುಪಿ, ಮಂಗಳೂರಿನವರು ಹೇಳಿ

ಕಾಪು ಮಾಸ್ತರು

ಕಾಪು ಕಡೆಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದೇನೆ. 2025ರ ಜೂನ್, ಜುಲೈ ತಿಂಗಳಲ್ಲಿ ಹಾಸನದಿಂದ ಒಂದರ ಹಿಂದೆ ಒಂದು ಹೃದಯಾಘಾತದ ಸುದ್ದಿ ಬಂದು, ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿ ನಿಂತ ಮೇಲೆ ನಮ್ಮ ಪೋಷಕರ ಸಭೆಯ ಧಾಟಿಯೇ ಬದಲಾಗಿದೆ. ಗಣಿತದ ಅಂಕ ಕೇಳುತ್ತಿದ್ದವರು ಈಗ "ಮಗನನ್ನು ಓಡಿಸಬಹುದೇ ಮಾಸ್ತರೇ?" ಎಂದು ಕೇಳುತ್ತಾರೆ. ಕಬಡ್ಡಿ ತಂಡದ ಒಳ್ಳೆಯ ರೈಡರ್ ಒಬ್ಬನನ್ನು ಮನೆಯವರು ಬಿಡಿಸಿಕೊಂಡೇ ಹೋದರು.

ಇದೇ ಹೊತ್ತಿಗೆ ನಮ್ಮ ಹಳೆ ವಿದ್ಯಾರ್ಥಿಗಳು ಡೈನಮೋಮೀಟರ್ ಕೊಡಿಸಲು ಮುಂದೆ ಬಂದಿದ್ದಾರೆ. ಹಿಡಿಕೆಯನ್ನು ಅಮುಕಿದರೆ ಎಷ್ಟು ಕಿಲೋ ಬಲ ಬಿತ್ತೆಂದು ತೋರಿಸುವ ಉಪಕರಣ. ಹಿಡಿತ ದುರ್ಬಲವಾಗಿರುವ ಮಕ್ಕಳಿಗೆ ಮುಂದೆ ಮಧುಮೇಹ, ಹೃದ್ರೋಗ ಬರುವ ಸಾಧ್ಯತೆ ಹೆಚ್ಚು, ಆದ್ದರಿಂದ 8ರಿಂದ 10ನೇ ತರಗತಿಯ ಎಲ್ಲರನ್ನೂ ಅಳೆದು ಪಟ್ಟಿ ಮಾಡಿ ಎಂಬುದು ಅವರ ಸಲಹೆ. ಫಿಟ್ ಇಂಡಿಯಾ ಪರೀಕ್ಷೆಗಾಗಿ ನಾವು ಈಗಾಗಲೇ ತೂಕ, ಎತ್ತರ, 50 ಮೀಟರ್ ಮತ್ತು 600 ಮೀಟರ್ ಓಟ, ಪುಷ್ ಅಪ್ ಎಲ್ಲವನ್ನೂ ಬರೆದಿಡುತ್ತೇವೆ. ಹಿಡಿತ ಅದರಲ್ಲಿ ಇಲ್ಲ. ಸೇರಿಸುವುದರಿಂದ ನಿಜವಾಗಿ ಏನಾದರೂ ತಿಳಿಯುತ್ತದೆಯೇ? ಯಾವ ಅಂಕಿಗಿಂತ ಕೆಳಗಿದ್ದರೆ ಚಿಂತಿಸಬೇಕು? ಚಿಂತಿಸಿ ಮಾಡುವುದೇನು? ತಿಳಿದವರು ಹೇಳಿ. ತಿಳಿಯದವರೂ ಹೇಳಿ, ಆದರೆ ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ಹಾಗೆಯೇ ತಂದು ಸುರಿಯಬೇಡಿ.

ಮಣಿಪಾಲದ ಫಿಸಿಯೊ

ಒಳ್ಳೆಯ ಪ್ರಶ್ನೆ. ಡೈನಮೋಮೀಟರ್ ನನ್ನ ಮೇಜಿನ ಮೇಲೆ ದಿನವೂ ಇರುವ ವಸ್ತು, ಆದ್ದರಿಂದ ಉದ್ದವಾಗಿಯೇ ಬರೆಯುತ್ತೇನೆ.

ಹಿಡಿತಕ್ಕೂ ಹೃದಯಕ್ಕೂ ನಂಟಿದೆ ಎಂಬ ಮಾತಿಗೆ ದೊಡ್ಡ ಬಲ ಬಂದದ್ದು 2015ರಲ್ಲಿ, ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಪ್ಯೂರ್ ಅಧ್ಯಯನದಿಂದ. ಭಾರತವೂ ಸೇರಿದಂತೆ 17 ದೇಶಗಳ ಸುಮಾರು 1.4 ಲಕ್ಷ ಜನರ ಹಿಡಿತ ಅಳೆದು, ನಾಲ್ಕು ವರ್ಷ ಗಮನಿಸಿದರು. ಹಿಡಿತ 5 ಕಿಲೋ ಕಡಿಮೆಯಾದಂತೆ ಸಾವಿನ ಅಪಾಯ ಶೇ. 16ರಷ್ಟು ಏರುತ್ತಿತ್ತು. ಸಾವನ್ನು ಮುಂಗಾಣುವುದರಲ್ಲಿ ರಕ್ತದೊತ್ತಡದ ಮೇಲಿನ ಅಂಕಿಗಿಂತ ಹಿಡಿತವೇ ಮೇಲಾಗಿತ್ತು. ಪ್ಯೂರ್‌ನ ಮುಂದಾಳು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಲೀಂ ಯೂಸುಫ್. ಕೇರಳದವರು, ವೈದ್ಯಕೀಯ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ.

ಹರೆಯದವರ ಬಗ್ಗೆ ಹೇಳುವುದಾದರೆ ಸ್ವೀಡನ್ನಿನ ಅಧ್ಯಯನ ಮುಖ್ಯ. ಅಲ್ಲಿ ಸೈನ್ಯಕ್ಕೆ ಹೆಸರು ನೋಂದಾಯಿಸಲು ಬಂದ 16ರಿಂದ 19 ವರ್ಷದ 11 ಲಕ್ಷಕ್ಕೂ ಹೆಚ್ಚು ಹುಡುಗರ ಕೈಹಿಡಿತ, ಮಂಡಿಯ ಬಲ ಅಳೆದಿಟ್ಟಿದ್ದರು. ಸುಮಾರು 24 ವರ್ಷಗಳ ಬಳಿಕ ಲೆಕ್ಕ ಹಾಕಿ 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಬಲವಿದ್ದವರಲ್ಲಿ ಅಕಾಲ ಮರಣ ಶೇ. 20ರಿಂದ 35ರಷ್ಟು ಕಡಿಮೆ. ತೂಕ, ರಕ್ತದೊತ್ತಡಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಉಳಿಯಿತು.

ಕಾರಣ ಕೈಯಲ್ಲಿಲ್ಲ, ಮೈಯಲ್ಲಿದೆ. ಊಟದ ನಂತರ ಇನ್ಸುಲಿನ್ ಆಜ್ಞೆಯಂತೆ ರಕ್ತದ ಸಕ್ಕರೆಯನ್ನು ಅತಿ ಹೆಚ್ಚು ಹೀರಿಕೊಳ್ಳುವುದು ಸ್ನಾಯು. ಸ್ನಾಯು ಕಡಿಮೆಯಿದ್ದರೆ, ಇದ್ದದ್ದೂ ಕೆಲಸವಿಲ್ಲದೆ ಮಂಕಾಗಿದ್ದರೆ, ಸಕ್ಕರೆ ರಕ್ತದಲ್ಲೇ ಸುತ್ತುತ್ತದೆ, ಇನ್ಸುಲಿನ್ ಮಟ್ಟ ಏರುತ್ತದೆ, ಯಕೃತ್ತಿನಲ್ಲಿ ಕೊಬ್ಬು ಕೂರುತ್ತದೆ. ಇಡೀ ಮೈಯ ಸ್ನಾಯುವಿನ ಸ್ಥಿತಿ ತಿಳಿಯಲು ಹಿಡಿತ ಅಳೆಯುವುದೆಂದರೆ ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಚುಕಿ ನೋಡಿದಂತೆ.

ಸುರತ್ಕಲ್ ಅಮ್ಮ

28 ಕಿಲೋಗಿಂತ ಕಡಿಮೆ ಇದ್ದರೆ ಅಪಾಯ ಎಂದು ಒಂದು ವಿಡಿಯೋದಲ್ಲಿ ನೋಡಿದೆ. ಹತ್ತಿರದ ಜಿಮ್ಮಿನಲ್ಲಿ ನನ್ನ 14 ವರ್ಷದ ಮಗಳ ಹಿಡಿತ 19 ಬಂತು. ತೂಕ 38 ಕಿಲೋ. ಅಂದಿನಿಂದ ನನಗೆ ನಿದ್ದೆಯಿಲ್ಲ. ಅವಳ ಅಣ್ಣನಿಗೆ 32 ಬಂತು, ಅವನಿಗೆ 16 ವರ್ಷ, ತೂಕ 80. ಅವನದೇನೂ ತೊಂದರೆ ಇಲ್ಲವಲ್ಲ?

ಮಣಿಪಾಲದ ಫಿಸಿಯೊ

ಮೊದಲು ನಿದ್ದೆ ಮಾಡಿ. 28 ಎಂಬುದು ಏಷ್ಯಾದ ವೃದ್ಧರಲ್ಲಿ ಸ್ನಾಯು ಸವೆತ ಗುರುತಿಸಲು 2019ರಲ್ಲಿ ಹಾಕಿದ ಗೆರೆ, ಅದೂ ಗಂಡಸರಿಗೆ. ಹೆಂಗಸರಿಗೆ ಅದೇ ಪಟ್ಟಿಯಲ್ಲಿ 18. ಎಂಟನೇ ತರಗತಿಯ ಹುಡುಗಿಗೂ ಅದಕ್ಕೂ ಸಂಬಂಧವೇ ಇಲ್ಲ.

ಮಕ್ಕಳ ಅಧ್ಯಯನಗಳಲ್ಲಿ ಹಿಡಿತವನ್ನು ತೂಕದಿಂದ ಭಾಗಿಸುತ್ತಾರೆ. ನಿಮ್ಮ ಮಗಳದು 19 ಭಾಗಿಸು 38, ಅಂದರೆ 0.50. ಮಗನದು 32 ಭಾಗಿಸು 80, ಅಂದರೆ 0.40. ಅಮೆರಿಕದ ಮಿಷಿಗನ್‌ನ ಶಾಲಾಮಕ್ಕಳನ್ನು ನೋಡಿ ಅಲ್ಲಿನವರು ಹಾಕಿದ ಗೆರೆ ಹುಡುಗರಿಗೆ 0.33, ಹುಡುಗಿಯರಿಗೆ 0.28. ಅದಕ್ಕಿಂತ ಕೆಳಗಿದ್ದ ಮಕ್ಕಳಲ್ಲಿ ರಕ್ತದೊತ್ತಡ, ಸಕ್ಕರೆ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು, ಇವುಗಳ ಒಟ್ಟು ಹೊರೆ ಹೆಚ್ಚಿತ್ತು. ಹುಡುಗರಲ್ಲಿ 0.33ರಿಂದ 0.45ರವರೆಗೆ ನಡುವಿನ ಗುಂಪು. ಆ ಲೆಕ್ಕದಲ್ಲಿ ಗಮನ ಕೊಡಬೇಕಾದವನು ಮಗ.

ಕದ್ರಿ ಲೆಕ್ಕಿಗ

ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ, ಹಾಗಾಗಿ ರಸಭಂಗ ಮಾಡುವುದು ನನ್ನ ಉದ್ಯೋಗ.

ಪ್ಯೂರ್‌ನಲ್ಲಿದ್ದವರು 35ರಿಂದ 70 ವರ್ಷದವರು. ಸ್ವೀಡನ್ನಿನಲ್ಲಿ ಹುಡುಗಿಯರೇ ಇರಲಿಲ್ಲ. ಇನ್ನೊಂದು ಸಂಗತಿಯನ್ನು ಫಿಸಿಯೊ ಬಿಟ್ಟರು: ಆ ಹುಡುಗರಲ್ಲಿ ಮುಂದೆ ತೀರಿಕೊಂಡವರ ಪೈಕಿ ಆತ್ಮಹತ್ಯೆಯ ಪಾಲು ಹೃದ್ರೋಗದ ಪಾಲಿಗಿಂತ ದೊಡ್ಡದು, ಮತ್ತು ಬಲವಿದ್ದವರಲ್ಲಿ ಆತ್ಮಹತ್ಯೆಯೂ ಶೇ. 20ರಿಂದ 30ರಷ್ಟು ಕಡಿಮೆ. ಹಾಗಾದರೆ ಹಿಡಿತ ಅಳೆಯುತ್ತಿರುವುದು ಹೃದಯವನ್ನೋ, ಮನಸ್ಸನ್ನೋ, ಆಟವಾಡಿ ಉಂಡು ಬೆಳೆದ ಬಾಲ್ಯವನ್ನೋ? ಬಹುಶಃ ಎಲ್ಲವನ್ನೂ ಸ್ವಲ್ಪ ಸ್ವಲ್ಪ. ಲಕ್ಷಾಂತರ ಜನರ ಗುಂಪಿನಲ್ಲಿ ಕಂಡ ನಂಟು ಕಾಪುವಿನ ಒಬ್ಬ ಹುಡುಗನ ಜಾತಕವಾಗುವುದಿಲ್ಲ.

ಶಾಲೆಯ ಲೆಕ್ಕವನ್ನೇ ನೋಡೋಣ. ಊಹೆಗೆಂದು 200 ಮಕ್ಕಳು, ಅವರಲ್ಲಿ 10 ಮಂದಿಗೆ ನಿಜವಾಗಿ ತೊಂದರೆ ಇದೆ ಎನ್ನಿ. ಪರೀಕ್ಷೆ ಚೆನ್ನಾಗಿಯೇ ಇದೆ, ಹತ್ತರಲ್ಲಿ ಏಳು ಮಂದಿಯನ್ನು ಹಿಡಿಯುತ್ತದೆ. ಆದರೆ ಆರೋಗ್ಯವಾಗಿರುವ 190ರಲ್ಲಿ ಶೇ. 30ರಷ್ಟು ಮಂದಿಯನ್ನೂ ದುರ್ಬಲರೆಂದು ಗುರುತಿಸುತ್ತದೆ. ಅಂದರೆ 57. ಒಟ್ಟು 64 ಮನೆಗಳಿಗೆ ಚೀಟಿ ಹೋಗುತ್ತದೆ, ನಿಜವಾದ ತೊಂದರೆ ಏಳರಲ್ಲಿ. ತೊಂದರೆಯಿದ್ದ ಇನ್ನು ಮೂವರ ಮನೆಯಲ್ಲಿ "ನಮ್ಮವನು ಪಾಸು" ಎಂದು ಪಾಯಸ. ಈ 64 ಮಕ್ಕಳನ್ನು ಮುಂದೆ ಎಲ್ಲಿಗೆ ಕಳುಹಿಸುತ್ತೀರಿ, ಖರ್ಚು ಯಾರದು, ಅಲ್ಲಿ ಏನು ಮಾಡುತ್ತಾರೆ? 1968ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಬರೆದಿಟ್ಟರು: ಮುಂದಿನ ತಪಾಸಣೆಗೂ ಚಿಕಿತ್ಸೆಗೂ ವ್ಯವಸ್ಥೆ ಇಲ್ಲದ ಕಡೆ ಸಾಮೂಹಿಕ ತಪಾಸಣೆ ಮಾಡಬಾರದು.

ದುಬೈನ ಹಳೆ ವಿದ್ಯಾರ್ಥಿ

ಉಪಕರಣ ಕೊಡಿಸುತ್ತೇನೆಂದವನು ನಾನೇ. ಲೆಕ್ಕಿಗರ ಮಾತು ಕೇಳುತ್ತಾ ಕುಳಿತರೆ ಊರಿನಲ್ಲಿ ಯಾವ ಕೆಲಸವೂ ಆಗದು. ಉಪಕರಣಕ್ಕೆ ಸೂಜಿ ಬೇಡ, ರಕ್ತ ಬೇಡ, ಕರೆಂಟೂ ಬೇಡ. ಒಂದು ಮಗುವಿಗೆ ಕೆಲವೇ ನಿಮಿಷ ಸಾಕು. ಏನೂ ಅಳೆಯದಿರುವುದಕ್ಕಿಂತ ಏನನ್ನಾದರೂ ಅಳೆಯುವುದು ಮೇಲು. ತರಗತಿವಾರು ಪಟ್ಟಿಯನ್ನು ಸೂಚನಾಫಲಕಕ್ಕೆ ಹಾಕಿದರೆ ಮಕ್ಕಳಲ್ಲಿ ಸ್ಪರ್ಧೆಯೂ ಹುಟ್ಟುತ್ತದೆ.

ಕಾಪು ಮಾಸ್ತರು

ಪಟ್ಟಿ ಫಲಕಕ್ಕೆ ಹೋಗುವುದಿಲ್ಲ. ಅದೊಂದು ವಿಷಯದಲ್ಲಿ ನನ್ನ ತೀರ್ಮಾನ ಆಗಿದೆ. ಒಂಬತ್ತನೇ ತರಗತಿಯಲ್ಲಿ ಒಮ್ಮೆ ಅಡ್ಡಹೆಸರು ಬಿದ್ದರೆ ಊರ ಜಾತ್ರೆಯಲ್ಲಿ ಮೊಮ್ಮಕ್ಕಳ ಎದುರೂ ಅದೇ ಹೆಸರಿನಿಂದ ಕರೆಯುತ್ತಾರೆ.

ಮಲ್ಪೆ ಬೋಟು

ನನ್ನ ತಂದೆ ಮಲ್ಪೆ ಬಂದರಿನಲ್ಲಿ ನಲವತ್ತು ವರ್ಷ ಬಲೆ ಎಳೆದವರು. ಒದ್ದೆ ಹಗ್ಗ ಹಿಡಿದು ಹಿಡಿದು ಅಂಗೈಯಲ್ಲಿ ಗೆರೆಗಳೇ ಅಳಿಸಿದ್ದವು, ಕೈ ನೋಡುವ ಜೋಯಿಸರು ನಕ್ಕು ಬಿಟ್ಟಿದ್ದರು. ಹಿಡಿದರೆ ಎರಡಾಳು ಬೇಕಿತ್ತು ಬಿಡಿಸಲು. 54ನೇ ವಯಸ್ಸಿಗೆ ಹೃದಯಾಘಾತವಾಯಿತು. ದಿನಕ್ಕೆ ಎರಡು ಕಟ್ಟು ಬೀಡಿ, ರಾತ್ರಿ ನಿದ್ದೆಯಿಲ್ಲ, ರಕ್ತದೊತ್ತಡ ಎಷ್ಟಿತ್ತೆಂದು ಆಸ್ಪತ್ರೆ ಸೇರುವ ತನಕ ಯಾರಿಗೂ ಗೊತ್ತಿರಲಿಲ್ಲ. ಉಪಕರಣದಲ್ಲಿ ಅಳೆದಿದ್ದರೆ ಅವರಿಗೇ ಮೊದಲ ಬಹುಮಾನ ಬರುತ್ತಿತ್ತು.

ಮಣಿಪಾಲದ ಫಿಸಿಯೊ

ಮಲ್ಪೆಯವರ ಮಾತು ಒಪ್ಪಲೇಬೇಕು. ಹಿಡಿತ ಚೆನ್ನಾಗಿದೆ ಎಂಬುದು ಯಾರಿಗೂ ಕ್ಷೇಮಪತ್ರವಲ್ಲ. ತಂಬಾಕಿನ ಎದುರು ಯಾವ ರಟ್ಟೆಯೂ ನಿಲ್ಲದು.

ಬಲ್ಮಠದ ಮಕ್ಕಳ ವೈದ್ಯೆ

ಎರಡು ಬೇರೆ ವಿಷಯಗಳು ಇಲ್ಲಿ ಕಲಸಿಹೋಗಿವೆ, ಮೊದಲು ಬಿಡಿಸುತ್ತೇನೆ.

ಆಟವಾಡುತ್ತಿದ್ದ ಹುಡುಗ ಕುಸಿದುಬಿದ್ದ ಎಂಬ ಸುದ್ದಿಯಲ್ಲಿ ಬಹಳ ಸಲ ಇರುವುದು ಹುಟ್ಟಿನಿಂದಲೇ, ವಂಶದಿಂದಲೇ ಬಂದ ತೊಂದರೆ: ಹೃದಯದ ಗೋಡೆ ಅತಿಯಾಗಿ ದಪ್ಪಗಾಗುವ ಕಾಯಿಲೆ, ಮಿಡಿತದ ವಿದ್ಯುತ್ ದೋಷ, ಹೃದಯಕ್ಕೇ ರಕ್ತ ಒಯ್ಯುವ ಕಿರೀಟ ಧಮನಿ ತಪ್ಪು ಜಾಗದಲ್ಲಿ ಹುಟ್ಟಿರುವುದು. ಇವುಗಳನ್ನು ಡೈನಮೋಮೀಟರ್ ಎಂದಿಗೂ ಕಾಣದು. ಅಂಥವರಲ್ಲಿ ಒಬ್ಬ ಶಾಲೆಯ ಅತ್ಯಂತ ಗಟ್ಟಿ ಹುಡುಗನೇ ಆಗಿರಬಹುದು. ಮಾಸ್ತರು ಕೇಳಬೇಕಾದ ಪ್ರಶ್ನೆಗಳು ಬೇರೆ. ಓಡುವಾಗ ಪ್ರಜ್ಞೆ ತಪ್ಪಿದ್ದುಂಟೇ? ಆಡುವಾಗ ಎದೆನೋವು ಬರುತ್ತದೆಯೇ? ಮನೆತನದಲ್ಲಿ 50 ದಾಟುವ ಮೊದಲೇ ಯಾರಾದರೂ ಹಠಾತ್ತಾಗಿ ತೀರಿಕೊಂಡಿದ್ದಾರೆಯೇ? ಒಂದಕ್ಕೆ ಹೌದು ಎಂದರೂ ಹಿಡಿತ ಎಷ್ಟೇ ಇರಲಿ, ಹೃದ್ರೋಗ ತಜ್ಞರ ಬಳಿಗೆ ಕಳುಹಿಸಿ. ಹೆದರಿ ಕಬಡ್ಡಿ ಬಿಡಿಸಿದ ಪೋಷಕರಿಗೆ ಈ ಮೂರು ಪ್ರಶ್ನೆ ಕೇಳಿ ನೋಡಿ, ಹುಡುಗ ಮರಳಿ ಬಂದರೂ ಬಂದಾನು.

ಎರಡನೆಯದು ನಿಧಾನದ ಕಾಯಿಲೆ, ಚಯಾಪಚಯದ್ದು, ಅಂದರೆ ಉಂಡದ್ದನ್ನು ಮೈ ಬಳಸಿಕೊಳ್ಳುವ ಕ್ರಮ ಕೆಡುವುದು. ಹಿಡಿತ ಏನಾದರೂ ಹೇಳುವುದಿದ್ದರೆ ಇಲ್ಲಿ. 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಮಧುಮೇಹಿಗಳು. 2016ರಿಂದ 18ರವರೆಗೆ ನಡೆದ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ಹದಿಹರೆಯದವರಲ್ಲಿ ಹತ್ತಕ್ಕೆ ಒಬ್ಬರ ಸಕ್ಕರೆ ಮಧುಮೇಹದ ಹೊಸ್ತಿಲಿನಲ್ಲಿತ್ತು. ನನ್ನ ಕೊಠಡಿಗೆ ಬರುವ ಮಕ್ಕಳನ್ನು ನೋಡಿದರೆ ಅದರಲ್ಲಿ ನನಗೆ ಅಚ್ಚರಿ ಕಾಣುವುದಿಲ್ಲ.

ಈ ಸ್ಥಿತಿಗೆ ಉಪಕರಣವೇ ಬೇಡದ ಒಂದು ಗುರುತಿದೆ. ಕುತ್ತಿಗೆಯ ಹಿಂಭಾಗ, ಕಂಕುಳು ಕಪ್ಪಾಗಿ, ದಪ್ಪಗಾಗಿ, ಮುಟ್ಟಿದರೆ ಒರಟಾಗಿರುತ್ತದೆ. ಇನ್ಸುಲಿನ್ ಸರಿಯಾಗಿ ನಾಟದೆ ರಕ್ತದಲ್ಲಿ ಅದರ ಮಟ್ಟ ಏರಿರುವುದರ ಗುರುತು ಅದು. ತಾಯಂದಿರು ಕೊಳೆ ಎಂದು ತಿಳಿಯುತ್ತಾರೆ. ಕಡಲೆಹಿಟ್ಟು, ನಿಂಬೆರಸ, ಕೊನೆಗೆ ಪಾತ್ರೆ ತಿಕ್ಕುವ ನಾರಿನಿಂದಲೂ ಉಜ್ಜಿ, ಚರ್ಮ ಕೆಂಪಾಗಿ ಸುಲಿದ ಮೇಲೆ ಚರ್ಮರೋಗಕ್ಕೆಂದು ಕರೆತರುತ್ತಾರೆ. ಕೊರಳು ಬಗ್ಗಿಸಿ ಕುಳಿತ ಹುಡುಗನ ಮುಖದಲ್ಲಿ ಬೈಗುಳ ತಿಂದು ಸಾಕಾದ ಕಳೆ ಇರುತ್ತದೆ. ರಕ್ತ ಪರೀಕ್ಷೆ ಮಾಡಿಸಿದರೆ ಹಲವು ಸಲ ಸಕ್ಕರೆ ಹೊಸ್ತಿಲಿನಲ್ಲಿರುತ್ತದೆ.

ಜತೆಗೆ ಒಂದು ದಾರ ಸಾಕು. ದಾರದಿಂದ ಮಗುವಿನ ಎತ್ತರ ಅಳೆದು, ಅದನ್ನು ಅರ್ಧಕ್ಕೆ ಮಡಚಿ ಸೊಂಟಕ್ಕೆ ಸುತ್ತಿ. ತುದಿಗಳು ಕೂಡದಿದ್ದರೆ ಹೊಟ್ಟೆಯ ಕೊಬ್ಬು ಹೆಚ್ಚಾಗಿದೆ ಎಂದರ್ಥ.

ಸುರತ್ಕಲ್ ಅಮ್ಮ

ದಾರ ಸುತ್ತಿದೆ. ಮಗನಿಗೆ ಕೂಡಲಿಲ್ಲ. ಕುತ್ತಿಗೆಯನ್ನೂ ನೋಡಿದೆ. ಸೋಮವಾರವೇ ವೈದ್ಯರಲ್ಲಿಗೆ ಹೋಗುತ್ತೇವೆ. ಮಗಳಿಗೆ ದಾರ ಸಡಿಲವಾಗಿಯೇ ಕೂಡಿತು, ಸದ್ಯ ಅವಳ ಚಿಂತೆಯಿಲ್ಲ.

ಕದ್ರಿ ಲೆಕ್ಕಿಗ

ಈಗ ನನ್ನ ನಿಜವಾದ ತಕರಾರು. ಹಿಡಿತವನ್ನು ತೂಕದಿಂದ ಭಾಗಿಸುವಾಗ ತೂಕವನ್ನೇ ಹಿಂಬಾಗಿಲಿನಿಂದ ಒಳಗೆ ಬಿಟ್ಟುಕೊಳ್ಳುತ್ತೀರಿ. ದಪ್ಪಗಿರುವ ಮಗುವಿನ ಭಾಗಲಬ್ಧ ತಾನಾಗಿಯೇ ಕೆಳಗೆ ಬರುತ್ತದೆ. ಆಮೇಲೆ "ಹಿಡಿತ ಕಡಿಮೆ ಇರುವವರಲ್ಲಿ ಸಕ್ಕರೆ ಹೆಚ್ಚು" ಎಂದರೆ ಹೊಸದಾಗಿ ಏನು ಹೇಳಿದ ಹಾಗಾಯಿತು? ಸುರತ್ಕಲ್ ಅಮ್ಮನ ಮಗನನ್ನು ಗುರುತಿಸಿದ್ದು 32 ಕಿಲೋ ಹಿಡಿತವಲ್ಲ, 80 ಕಿಲೋ ತೂಕ. ಅದಕ್ಕೆ ತಕ್ಕಡಿ ಇತ್ತು, ದಾರವೂ ಇತ್ತು.

ಮಣಿಪಾಲದ ಫಿಸಿಯೊ

ಈ ತಕರಾರು ಸರಿಯಾದದ್ದೇ. ಆದರೆ ಇದರ ಇನ್ನೊಂದು ಮಗ್ಗುಲು ನಮ್ಮ ಊರಿಗೆ ಹೆಚ್ಚು ಮುಖ್ಯ. ಭಾಗಾಕಾರ ದಪ್ಪ ಮಗುವನ್ನು ಕೆಳಗೆ ತಳ್ಳುವಂತೆಯೇ ತೆಳ್ಳಗಿನ ಮಗುವನ್ನು ಮೇಲಕ್ಕೆ ಎತ್ತುತ್ತದೆ. ಸುರತ್ಕಲ್ ಅಮ್ಮನ ಮಗಳು 0.50 ಎಂದು ಪಾಸಾದದ್ದು ಕೈ ಗಟ್ಟಿಯಿರುವುದರಿಂದಲೋ, ತೂಕ 38 ಮಾತ್ರ ಇರುವುದರಿಂದಲೋ? ಮಿಷಿಗನ್‌ನ ಮಕ್ಕಳ ನಡುವೆ ಅಷ್ಟು ಹಗುರವಾದವರು ಎಷ್ಟು ಮಂದಿ ಇದ್ದಾರು!

ಪುಣೆಯ ಡಾ. ಯಾಜ್ಞಿಕ್ ಅವರ ಚಿತ್ರ ನೆನಪಿದೆಯೇ? 2004ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಲಂಡನ್ನಿನ ಡಾ. ಯುಡ್ಕಿನ್ ಮತ್ತು ಅವರು ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರದೂ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಒಂದೇ, 22.3. ಮೈಯ ಕೊಬ್ಬು ಮಾತ್ರ ಬ್ರಿಟಿಷ್ ವೈದ್ಯರಲ್ಲಿ ಶೇ. 9.1, ನಮ್ಮವರಲ್ಲಿ ಶೇ. 21.2. ತಕ್ಕಡಿಗೆ ತೆಳ್ಳಗೆ, ಒಳಗೆ ಕೊಬ್ಬು, ಸ್ನಾಯು ಕಡಿಮೆ. ಕಡಿಮೆ ತೂಕದಲ್ಲಿ ಹುಟ್ಟಿ, ತೆಳ್ಳಗೆ ಬೆಳೆದು, ಪಿಯುಸಿ ಮುಗಿಸುವ ಹೊತ್ತಿಗೆ ಕುರ್ಚಿಗೆ ಅಂಟಿ, 30ಕ್ಕೆ ಸಕ್ಕರೆ ಬರಿಸಿಕೊಳ್ಳುವವರು ಇವರು. ಹುಡುಗನನ್ನು ನೋಡಿ "ಇವನಿಗೆಲ್ಲಿಯ ಸಕ್ಕರೆ, ಕಡ್ಡಿಯ ಹಾಗಿದ್ದಾನೆ" ಎಂದು ಅಜ್ಜಿಯರು ಇನ್ನೆರಡು ಹೋಳಿಗೆ ಬಡಿಸುತ್ತಾರೆ.

ಅಂಥ ಮಗುವನ್ನು ತೂಕ ಹಿಡಿಯದು, ದಾರವೂ ಕೆಲವೊಮ್ಮೆ ಬಿಟ್ಟುಬಿಡುತ್ತದೆ. ಭಾಗಾಕಾರ ಮಾಡದ, ಬರಿಯ ಕಿಲೋ ಹಿಡಿತವನ್ನು ಅದೇ ವಯಸ್ಸಿನ, ಅದೇ ಎತ್ತರದ ಮಕ್ಕಳೊಂದಿಗೆ ಹೋಲಿಸಿದರೆ ಅವನು ಕಾಣಸಿಗುತ್ತಾನೆ. ನನ್ನ ಮಟ್ಟಿಗೆ ಡೈನಮೋಮೀಟರ್ ಕೊಳ್ಳಲು ಇರುವ ಕಾರಣ ಇದೊಂದೇ. ದಪ್ಪಗಿರುವವರನ್ನು ಹುಡುಕಲು ಅದು ಬೇಕಿಲ್ಲ.

ಸುರತ್ಕಲ್ ಅಮ್ಮ

ಅಂದರೆ ಮಗಳ ಬಗ್ಗೆ ಮತ್ತೆ ಚಿಂತೆ ಶುರು ಮಾಡಬೇಕೇ? ಒಂದು ನಿರ್ಧಾರಕ್ಕೆ ಬನ್ನಿ.

ಬಲ್ಮಠದ ಮಕ್ಕಳ ವೈದ್ಯೆ

ಚಿಂತೆ ಬೇಡ, ಅವಳನ್ನೂ ಸೋಮವಾರ ಜತೆಗೆ ಕರೆದುಕೊಂಡು ಹೋಗಿ. ಹಿಮೋಗ್ಲೋಬಿನ್ ನೋಡಿಸಿ. ಹುಡುಗಿಯರಲ್ಲಿ ರಕ್ತಹೀನತೆ ಎಷ್ಟು ವ್ಯಾಪಕವೆಂದರೆ, ಸುಸ್ತು ಎಂದವರಲ್ಲಿ ನಾನು ಮೊದಲು ಕಣ್ಣುರೆಪ್ಪೆ ಬಿಡಿಸಿ ನೋಡುತ್ತೇನೆ, ಉಳಿದದ್ದು ಆಮೇಲೆ. ಬೆಳಗಿನ ತಿಂಡಿ ತಿನ್ನದೆ ಶಾಲೆಗೆ ಹೋಗುತ್ತಾಳೆಯೇ ಎಂದೂ ಕೇಳಿ. ಹರೆಯ ಇನ್ನೂ ಪೂರ್ತಿ ಬಂದಿರದಿದ್ದರೆ ಹಿಡಿತ ಕಡಿಮೆಯಿರುವುದು ಸಹಜ. ಒಂಬತ್ತನೇ ತರಗತಿಯ ಒಂದೇ ಬೆಂಚಿನಲ್ಲಿ ಮೀಸೆ ಚಿಗುರಿದವನೂ ದನಿ ಒಡೆಯದವನೂ ಕುಳಿತಿರುತ್ತಾರೆ. ಇಬ್ಬರ ನಡುವೆ ಹತ್ತು ಹದಿನೈದು ಕಿಲೋ ವ್ಯತ್ಯಾಸ ಬಂದರೆ ಅದು ರೋಗವಲ್ಲ, ಹಾರ್ಮೋನು.

ಕುಂದಾಪುರದ ಭಾರ

ವೇಟ್‌ಲಿಫ್ಟಿಂಗ್ ಮಾಡುವವನು. ಒಂದು ಎಚ್ಚರಿಕೆ ಕೊಡಲು ಬಂದೆ. ಈ ಸುದ್ದಿ ಹರಡಿದರೆ ನಾಳೆಯೇ ಮಂಗಳೂರಿನ ಹಂಪನಕಟ್ಟೆಯಲ್ಲಿ ಅಮುಕುವ ಸ್ಪ್ರಿಂಗುಗಳು ರಾಶಿ ಬೀಳುತ್ತವೆ. ಅಂಗಳದಲ್ಲಿ ಕುಳಿತು ಮೊಬೈಲ್ ನೋಡುತ್ತಾ ಸ್ಪ್ರಿಂಗ್ ಅಮುಕಿದರೆ ಮುಂಗೈ ಮಾತ್ರ ಗಟ್ಟಿಯಾಗುತ್ತದೆ, ಅಂಕಿ ಏರುತ್ತದೆ, ಮೈ ಇದ್ದಲ್ಲೇ ಇರುತ್ತದೆ. ಪರೀಕ್ಷೆಗೆ ಮೋಸ ಮಾಡಿದ ಹಾಗೆ.

ನಮ್ಮ ವಂಡ್ಸೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ತಂದರು, 2022ರಲ್ಲಿ 61 ಕಿಲೋ ವಿಭಾಗದಲ್ಲಿ 269 ಎತ್ತಿ ಕಂಚು. ಕಾಲು, ಬೆನ್ನು, ಭುಜ ಬಲಿಯದೆ ಅಷ್ಟು ಭಾರ ಏಳದು. ಹಿಡಿತ ಆ ದುಡಿಮೆಯ ಜತೆಗೆ ತಾನಾಗಿ ಬರುತ್ತದೆ.

ಶಾಲೆಯಲ್ಲಿ ಮಾಡಿಸುವುದಾದರೆ ಹಗ್ಗಜಗ್ಗಾಟ, ಬಾರಿಗೆ ನೇತಾಡುವುದು, ಎರಡೂ ಕೈಯಲ್ಲಿ ನೀರಿನ ಕೊಡ ಹಿಡಿದು ಮೈದಾನ ಸುತ್ತುವುದು, ಬಸ್ಕಿ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚಟುವಟಿಕೆ, ವಾರದಲ್ಲಿ ಮೂರು ದಿನವಾದರೂ ಸ್ನಾಯು, ಮೂಳೆ ಬಲಪಡಿಸುವ ವ್ಯಾಯಾಮ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಮಾಸ್ತರಿಗೆ ವಾರಕ್ಕೆ ಎಷ್ಟು ಪೀರಿಯಡ್ ಸಿಗುತ್ತದೆ, ಅದರಲ್ಲಿ ಎಷ್ಟನ್ನು ವಿಜ್ಞಾನದವರು ಎತ್ತಿಕೊಂಡು ಹೋಗುತ್ತಾರೆ ಎಂಬ ಪಟ್ಟಿಯನ್ನು ಬೇಕಿದ್ದರೆ ಫಲಕಕ್ಕೆ ಹಾಕಿ.

ಕಾಪು ಮಾಸ್ತರು

ಆ ಪಟ್ಟಿ ಹಾಕಿದರೆ ನನ್ನನ್ನೇ ಎತ್ತಿಕೊಂಡು ಹೋಗುತ್ತಾರೆ. ಡಿಸೆಂಬರ್ ನಂತರ ಹತ್ತನೇ ತರಗತಿಗೆ ಆಟದ ಪೀರಿಯಡ್ ಇರುವುದು ವೇಳಾಪಟ್ಟಿಯ ಕಾಗದದಲ್ಲಿ ಮಾತ್ರ.

ಮಣಿಪಾಲದ ಫಿಸಿಯೊ

ಸ್ಪ್ರಿಂಗ್ ಬಗ್ಗೆ ಒಂದು ತಿದ್ದುಪಡಿ. ದೊಡ್ಡವರಲ್ಲಿ, ಪೂರ್ಣ ಬಲದ ಶೇ. 30ರಷ್ಟು ಮಾತ್ರ ಅಮುಕಿ ಎರಡು ನಿಮಿಷ ಹಾಗೇ ಹಿಡಿಯುವುದು, ನಡುವೆ ಬಿಡುವು ಕೊಟ್ಟು ನಾಲ್ಕು ಸಲ, ವಾರಕ್ಕೆ ಮೂರು ದಿನ ಮಾಡಿದರೆ ರಕ್ತದೊತ್ತಡ ಇಳಿಯುತ್ತದೆ ಎಂದು ಹಲವು ಪ್ರಯೋಗಗಳು ತೋರಿಸಿವೆ. ಮಾತ್ರೆಗೆ ಬದಲಿಯಲ್ಲ. ಶಾಲಾಮಕ್ಕಳಿಗೆ ಅದರ ಅಗತ್ಯವೂ ಇಲ್ಲ, ಅವರಿಗೆ ನೀವು ಹೇಳಿದ ಕೊಡವೇ ಸರಿ.

ಶಿರ್ವದ ನರ್ಸ್

ಮುಂದೆ ಎಲ್ಲಿಗೆ ಕಳುಹಿಸುವುದು ಎಂದು ಲೆಕ್ಕಿಗರು ಕೇಳಿದರು, ಯಾರೂ ಉತ್ತರಿಸಲಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ, 18 ವರ್ಷದವರೆಗಿನ ಮಕ್ಕಳಿಗೆ. ಅದರ ತಂಡ ಸರ್ಕಾರಿ, ಅನುದಾನಿತ ಶಾಲೆಗಳಿಗೆ ಬಂದು ನೋಡುತ್ತದೆ, ತೊಂದರೆ ಕಂಡವರನ್ನು ಮುಂದಕ್ಕೆ ಕಳುಹಿಸುತ್ತದೆ. ಆ ತಂಡ ಬರುವ ದಿನಕ್ಕೆ ನಿಮ್ಮ ಪಟ್ಟಿ ಸಿದ್ಧವಿರಲಿ. ತಾಲ್ಲೂಕಿನ ಶಾಲೆಗಳೆಲ್ಲವನ್ನೂ ಸುತ್ತುವ ಅವರಿಗೆ "ಈ ಹತ್ತು ಮಕ್ಕಳನ್ನು ಸ್ವಲ್ಪ ನಿಧಾನವಾಗಿ ನೋಡಿ" ಎಂದು ಹೇಳುವವರು ಒಬ್ಬರಿದ್ದರೆ ಅದೇ ದೊಡ್ಡ ಸಹಾಯ.

ಇನ್ನೊಂದು ಮಾತು. ನಮ್ಮ ಕಡೆ ತಾಯಿಯ ಜತೆ ಕುಳಿತು ಬೀಡಿ ಕಟ್ಟುವ ಹುಡುಗಿಯರು ಈಗ ಕಡಿಮೆ, ಆದರೂ ಇದ್ದಾರೆ. ಬೆರಳಿನ ಗೆಣ್ಣು ನೋಯುವಾಗ ಅಮುಕಲು ಹೇಳಿದರೆ ಬಲ ಹೇಗೆ ಬಂದೀತು? ಅಳೆಯುವ ಮೊದಲು ಕೈ ನೋಯುತ್ತಿದೆಯೇ ಎಂದು ಕೇಳಿ.

ದುಬೈನ ಹಳೆ ವಿದ್ಯಾರ್ಥಿ

ಸರಿ, ಫಲಕದ ಮಾತು ಹಿಂತೆಗೆದುಕೊಂಡೆ. ಆದರೆ ಉಪಕರಣ ಬರುತ್ತದೆ. ಜತೆಗೆ ಒಳ್ಳೆಯ ರಕ್ತದೊತ್ತಡ ಯಂತ್ರವನ್ನೂ ಕೊಡಿಸುತ್ತೇನೆ.

ಬಲ್ಮಠದ ಮಕ್ಕಳ ವೈದ್ಯೆ

ಕೊಡಿಸುವುದಾದರೆ ಮಕ್ಕಳ ತೋಳಿಗೆ ಹೊಂದುವ ಎರಡು ಮೂರು ಅಳತೆಯ ಪಟ್ಟಿಗಳಿರುವ ಯಂತ್ರವನ್ನೇ ಕೊಡಿಸಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ರಕ್ತದೊತ್ತಡ ತೋರಿಸುತ್ತದೆ.

ಕದ್ರಿ ಲೆಕ್ಕಿಗ

ಇಷ್ಟಾದ ಮೇಲೆ ನನ್ನ ವಿರೋಧ ಅರ್ಧಕ್ಕೆ ಇಳಿದಿದೆ. ಉಳಿದರ್ಧ ಹೀಗೆ: ಯುರೋಪಿನ ಕೋಷ್ಟಕ ತಂದು ನಮ್ಮ ಮಕ್ಕಳಿಗೆ ಹೊದಿಸಬೇಡಿ. ಪ್ಯೂರ್ ತಂಡವೇ 2016ರಲ್ಲಿ ಆರೋಗ್ಯವಂತ ವಯಸ್ಕರ ಹಿಡಿತವನ್ನು ದೇಶವಾರು ಹೋಲಿಸಿದಾಗ ದಕ್ಷಿಣ ಏಷ್ಯಾದ ಅಂಕಿಗಳು ಯುರೋಪಿನದಕ್ಕಿಂತ ಬಹಳ ಕೆಳಗಿದ್ದವು. ಆ ಗೆರೆ ಹಾಕಿದರೆ ಅರ್ಧ ಶಾಲೆ ನಪಾಸಾಗುತ್ತದೆ. ನಿಮ್ಮ ಮಕ್ಕಳನ್ನು ನಿಮ್ಮ ಮಕ್ಕಳ ಜತೆಗೇ ಹೋಲಿಸಿ, ಅದಕ್ಕಿಂತ ಮುಖ್ಯವಾಗಿ ಅದೇ ಮಗುವಿನ ಕಳೆದ ವರ್ಷದ ಅಂಕಿಯ ಜತೆ ಹೋಲಿಸಿ. ಈ ವಯಸ್ಸಿನಲ್ಲಿ ಹಿಡಿತ ವರ್ಷ ವರ್ಷ ಏರಬೇಕು. ಎತ್ತರ ಬೆಳೆದೂ ಬಲ ನಿಂತಲ್ಲೇ ನಿಂತಿದ್ದರೆ ಆಗ ಕೇಳುವುದಕ್ಕೆ ಕಾರಣವಿದೆ. ಮತ್ತು ಕೊನೆಯ ಶೇ. 20 ಎಂದು ಲೆಕ್ಕ ಹಾಕಬೇಡಿ. ಇಡೀ ಶಾಲೆ ಭೀಮಸೇನರಿಂದ ತುಂಬಿದ್ದರೂ ಕೊನೆಯ ಶೇ. 20 ಇದ್ದೇ ಇರುತ್ತದೆ.

ಕಾಪು ಮಾಸ್ತರು

ಹಾಗಾದರೆ ಹೀಗೆ ಮಾಡುತ್ತೇನೆ. ವೈದ್ಯೆ ಹೇಳಿದ ಮೂರು ಪ್ರಶ್ನೆಗಳ ಚೀಟಿ ಮೊದಲು ಎಲ್ಲ ಮನೆಗಳಿಗೂ ಹೋಗುತ್ತದೆ, ಉಪಕರಣ ಬರುವವರೆಗೆ ಕಾಯುವುದಿಲ್ಲ. ನಂತರ ಒಬ್ಬೊಬ್ಬರನ್ನೇ ಒಳಗೆ ಕರೆದು ಎತ್ತರ, ತೂಕ, ದಾರ, ರಕ್ತದೊತ್ತಡ, ಹಿಡಿತ. ಅಂಕಿ ನನ್ನ ಪುಸ್ತಕದಲ್ಲಿರುತ್ತದೆ. ಹಿಡಿತ ಒಂದೇ ಕಡಿಮೆಯಿದ್ದರೆ ಮನೆಗೆ ಚೀಟಿ ಇಲ್ಲ, ಆಟದ ಮೈದಾನ ಮಾತ್ರ, ಆರು ತಿಂಗಳ ನಂತರ ಮತ್ತೆ ಅಳತೆ. ಹಿಡಿತದ ಜತೆಗೆ ಇನ್ನೊಂದು ಏನಾದರೂ ಕಂಡರೆ ಬಾಲ ಸ್ವಾಸ್ಥ್ಯದ ತಂಡಕ್ಕೆ ಹೆಸರು ಕೊಡುತ್ತೇನೆ. ರಕ್ತದೊತ್ತಡ ಹೆಚ್ಚಿದ್ದರೆ, ಕುತ್ತಿಗೆ ಕಪ್ಪಾಗಿದ್ದರೆ, ಹಿಡಿತ ಎಷ್ಟಿದ್ದರೂ ಕೊಡುತ್ತೇನೆ. ಅಳೆಯುವ ಕ್ರಮ ಯಾರಾದರೂ ಸರಿಯಾಗಿ ಹೇಳಿಕೊಡಿ.

ಮಣಿಪಾಲದ ಫಿಸಿಯೊ

ಮಗು ಬೆನ್ನು ನೇರವಾಗಿಟ್ಟು ಕುರ್ಚಿಯಲ್ಲಿ ಕೂರಬೇಕು, ಪಾದ ನೆಲಕ್ಕೆ ಊರಿರಬೇಕು. ತೋಳು ಮೈಗೆ ತಾಗಿ, ಮೊಣಕೈ 90 ಡಿಗ್ರಿ ಮಡಚಿ, ಮಣಿಕಟ್ಟು ನೇರವಾಗಿ. ಎರಡೂ ಕೈಗೆ ಮೂರು ಮೂರು ಸಲ, ನಡುವೆ ಒಂದು ನಿಮಿಷ ಬಿಡುವು, ಅತಿ ಹೆಚ್ಚಿನ ಅಂಕಿ ಬರೆದುಕೊಳ್ಳಿ. ನಿಂತು ಅಳೆದರೆ ಬೇರೆ ಅಂಕಿ ಬರುತ್ತದೆ, ಆದ್ದರಿಂದ ಮೊದಲ ವರ್ಷ ಹೇಗೆ ಅಳೆದಿರೋ ಪ್ರತಿ ವರ್ಷವೂ ಹಾಗೆಯೇ. ಹಿಡಿಕೆಯ ಅಗಲ ಬದಲಿಸಬಹುದಾದ ಉಪಕರಣವನ್ನೇ ಕೊಳ್ಳಿ. ದೊಡ್ಡವರಿಗೆ ಸಾಮಾನ್ಯವಾಗಿ ಹಿಡಿಕೆ ಎರಡನೇ ಸ್ಥಾನದಲ್ಲಿ, ಸಣ್ಣ ಕೈಯ ಮಕ್ಕಳಿಗೆ ಮೊದಲನೆಯದರಲ್ಲಿ. ಅಗಲ ಹೆಚ್ಚಾದರೆ ಬೆರಳ ತುದಿ ಮಾತ್ರ ತಾಗಿ, ಬಲವಿದ್ದವರೂ ದುರ್ಬಲರಂತೆ ಕಾಣುತ್ತಾರೆ. ಯಾವ ಸ್ಥಾನ ಎಂಬುದನ್ನೂ ಅಂಕಿಯ ಪಕ್ಕದಲ್ಲೇ ಬರೆಯಿರಿ. "ಜೋರಾಗಿ, ಇನ್ನೂ ಜೋರಾಗಿ" ಎಂದು ಕೂಗಿ ಹುರಿದುಂಬಿಸುವುದಾದರೆ ಎಲ್ಲರಿಗೂ ಒಂದೇ ದನಿಯಲ್ಲಿ ಕೂಗಿ, ನಿಮ್ಮ ಕಬಡ್ಡಿ ತಂಡಕ್ಕೆ ಮಾತ್ರವಲ್ಲ.

ವರ್ಷಕ್ಕೊಮ್ಮೆ ಗೊತ್ತಿರುವ ತೂಕವನ್ನು ಹಿಡಿಕೆಗೆ ನೇತುಹಾಕಿ ಮುಳ್ಳು ಸರಿ ತೋರಿಸುತ್ತದೆಯೇ ನೋಡಬೇಕು. ಬೇಕಿದ್ದರೆ ಮೊದಲ ದಿನ ನಾನೇ ಬಂದು ತೋರಿಸುತ್ತೇನೆ. ಶನಿವಾರ ಆಗಬಹುದೇ?

ಕಾಪು ಮಾಸ್ತರು

ಶನಿವಾರ ಅರ್ಧ ದಿನ, ಅದರಲ್ಲೂ ಯಕ್ಷಗಾನ ತರಗತಿ ಇದೆ. ಬುಧವಾರ ಬನ್ನಿ, ಬೆಳಿಗ್ಗೆ ಹತ್ತಕ್ಕೆ. ತೂಕದ ಕಲ್ಲುಗಳನ್ನು ಪಕ್ಕದ ನ್ಯಾಯಬೆಲೆ ಅಂಗಡಿಯಿಂದ ತಂದಿಡುತ್ತೇನೆ.

ಮಲ್ಪೆ ಬೋಟು

ನಾನೂ ಬುಧವಾರ ಬರಬಹುದೇ? ನನ್ನ ಹಿಡಿತವನ್ನೂ, ಅದಕ್ಕಿಂತ ಮೊದಲು ರಕ್ತದೊತ್ತಡವನ್ನೂ ಒಮ್ಮೆ ನೋಡಬೇಕಿತ್ತು.

ಶಿರ್ವದ ನರ್ಸ್

ರಕ್ತದೊತ್ತಡಕ್ಕೆ ಬುಧವಾರದವರೆಗೆ ಕಾಯಬೇಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಾಳೆಯೇ ಹೋಗಿ, ಬೀಡಿ ಸೇದಿ ಅರ್ಧ ಗಂಟೆಯೊಳಗೆ ಹೋಗಬೇಡಿ.